ಅಮ್ಮನಿಗೆ ತಿಳಿಯುವ ಬೈಗುಳ

ಮಾರ್ಚ್ 2, ಬುಧವಾರ

ಇವತ್ತು ಮೂರು ಕಪಾಳಮೋಕ್ಷ. ಎರಡು ಕೊಟ್ಟೆ, ಒಂದು ತಿಂದೆ. ತಿಂದದ್ದು ನಿಜವಾಗಿಯೇ ಬಿತ್ತು. ಸೊಸೆಯ ಪಾತ್ರದ ಹುಡುಗಿ ಹೊಸಬಳು, ಕೈ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲ. "ಸಾರಿ ಯುವೆ ಅಕ್ಕಾ, ಸಾರಿ" ಎಂದು ಅಳುತ್ತಾ ಐಸ್ ತಂದಳು. ಅಳಬೇಡವೇ, ಶಾಟ್ ಚೆನ್ನಾಗಿ ಬಂತು ಅಂದೆ. ಸುಳ್ಳಲ್ಲ. ಬಂತು.

ಬರುವಾಗ ಮಾರ್ಕೆಟ್ಟಿಗೆ ಹೋದೆ. ಮೀನಿನವಳು ಪಾಂಫ್ರೆಟ್ ತೂಗುತ್ತಾ ನನ್ನನ್ನೇ ದುರುಗುಟ್ಟಿ ನೋಡಿದಳು. "ಗರ್ಭಿಣಿ ಸೊಸೆನ ಮೆಟ್ಟಿಲಿಂದ ತಳ್ಳಿದ್ಯಲ್ಲ, ನಿಂಗೆ ಒಳ್ಳೇ ಮೀನು ಬೇರೆ ಕೇಡು!" ಅಂದಳು. ಆದರೂ ಒಳ್ಳೆಯದನ್ನೇ ಆರಿಸಿ ಕೊಟ್ಟಳು. ಆಮೇಲೆ ಕೈ ಒರೆಸಿಕೊಂಡು ಸೆಲ್ಫಿ.

ಇಪ್ಪತ್ತನಾಲ್ಕು ವರ್ಷದ ಸಂಪಾದನೆ ಇದೇ. ಮೊದಲ ಪಾತ್ರ ನದಿಯಲ್ಲಿ ತೇಲಿಬಂದ ಹೆಣ—ರೆಪ್ಪೆ ಮಿಟುಕಿಸಿ ಬೈಸಿಕೊಂಡೆ. ಆಮೇಲೆ ಕದಿಯುವ ಕೆಲಸದವಳು, ಮನೆಮುರುಕಿ ಅತ್ತಿಗೆ, ಎರಡನೇ ಹೆಂಡತಿ, ವಿಷ ಹಾಕುವ ಅಕ್ಕ. ಈಗ ಅತ್ತೆ. ಪರದೆ ಮೇಲೆ ಒಂಬತ್ತು ಮದುವೆ, ಹೊರಗೆ ಒಂದು. ಹೊರಗಿನದೇ ಎಲ್ಲಕ್ಕಿಂತ ಬೇಗ ಮುಗಿಯಿತು.

ಸಿಂಗಪುರದಲ್ಲಿ ನನ್ನ ಮುಖ ಗೊತ್ತಿಲ್ಲದವರಿಲ್ಲ. ಒಬ್ಬರಾದರೂ ಅಯ್ಯೋ ಪಾಪ ಅಂದದ್ದು ನೆನಪಿಲ್ಲ.

ಮಾರ್ಚ್ 5, ಶನಿವಾರ

ಅಕ್ಷರ ಸೊಟ್ಟ ಬರುತ್ತಿದೆ. ಬರೆಯಲೇಬೇಕು.

ಮೇಕಪ್ ರೂಮಿಗೆ ಖೋ ಬಂದ. ನಾವಿಬ್ಬರೂ ಒಂದೇ ಬ್ಯಾಚಿನಲ್ಲಿ ನಟನೆ ಕಲಿತವರು. ಅವನಿಗೆ ನಟನೆ ಬರಲಿಲ್ಲ, ಡೈರೆಕ್ಟರ್ ಆದ. ಬೋಳುತಲೆ ಒರೆಸಿಕೊಳ್ಳುತ್ತಾ ಬಾಗಿಲು ಹಾಕಿದ.

"ಯುವೆ, ಬಾಯಿ ಬಿಡಬೇಡ. ಚಾನೆಲ್‌ನವರು ಒಂದು ಸೀರಿಯಲ್ ಒಪ್ಪಿದ್ದಾರೆ. ವಯಸ್ಸಾದವರಿಗೆ. ಶುಕ್ರವಾರ ಮಧ್ಯಾಹ್ನ. ತಿಯೋಚ್ಯೂ ಭಾಷೇಲಿ."

"ಮ್ಯಾಂಡರಿನ್ ಅಲ್ವಾ?"

"ಒಂದು ಪದಾನೂ ಅಲ್ಲ."

ಕುರ್ಚಿಯಿಂದ ಎದ್ದುಬಿಟ್ಟೆ. ಕಣ್ಣಿಗೆ ಅಂಟಿಸಿದ್ದ ರೆಪ್ಪೆ ಒಂದು ಕಡೆ ಜೋತಾಡುತ್ತಿತ್ತು. ಟೀವಿಯಲ್ಲಿ ತಿಯೋಚ್ಯೂನಂಥ ನಮ್ಮ ಚೀನೀ ಮನೆಮಾತುಗಳಿಗೆ ಸರ್ಕಾರ ಬಾಗಿಲು ಮುಚ್ಚಿದಾಗ ನಾನು ಸ್ಕೂಲಿಗೆ ಹೋಗುವ ಹುಡುಗಿ. ಅಂದಿನಿಂದ ಎಲ್ಲಾ ಮ್ಯಾಂಡರಿನ್. ಹೊಟ್ಟೆಪಾಡು ಅದರಲ್ಲೇ ಆಯಿತು, ಹೆಸರೂ ಅದರಲ್ಲೇ ಬಂತು. ಮನೆಯಲ್ಲಿ ನಾನು ಗುವೆಕ್. ಟೀವಿಗೆ ಬಂದ ಮೇಲೆ ಅದೇ ಅಕ್ಷರ ಮ್ಯಾಂಡರಿನ್‌ನಲ್ಲಿ ಯುವೆ ಆಯಿತು. ಆದರೆ ಅಮ್ಮನಿಗೆ ಮ್ಯಾಂಡರಿನ್ ಬರುವುದಿಲ್ಲ. "ಎಷ್ಟು?" "ಬೇಡ!" ಅಷ್ಟೇ. ಇಷ್ಟು ವರ್ಷ ಪ್ರತಿ ರಾತ್ರಿ ನನ್ನನ್ನು ನೋಡಿದ್ದಾಳೆ, ನಾನು ಆಡಿದ ಒಂದು ಮಾತೂ ಅವಳಿಗೆ ತಿಳಿದಿಲ್ಲ.

"ನಾಯಕಿ ಯಾರು?" ಕೇಳಿದೆ.

"ಇನ್ನೂ ಗೊತ್ತಿಲ್ಲ. ಆಡಿಷನ್ ಇದೆ. ನಿನಗೆ ತಿಯೋಚ್ಯೂ ಬರುತ್ತೆ ತಾನೇ?"

"ನಾನು ಹೌಗಾಂಗ್‌ನ ಮೀನುಂಡೆ ಮಾರೋವಳ ಮಗಳು ಕಣೋ! ಹುಟ್ಟಿದ್ದೇ ತಿಯೋಚ್ಯೂನಲ್ಲಿ!"

ನಾಯಕಿ. ಒಳ್ಳೆಯವಳು. ಅಳುವವಳು. ನನಗೆ ಬೇಕು, ಬೇಕು, ಬೇಕು.

ಮಾರ್ಚ್ 10, ಗುರುವಾರ

ಹಾಳಾಯಿತು.

ಆಡಿಷನ್‌ನಲ್ಲಿ ಸಾಯುತ್ತಿರುವ ಗಂಡನ ಹತ್ತಿರ, ಬರೆದುಕೊಟ್ಟದ್ದೇನೂ ಇಲ್ಲದೆ, ನಾವೇ ಮಾತಾಡಬೇಕು. ಬಾಯಿ ತೆರೆದೆ... ಏನೂ ಇಲ್ಲ. "ಗಂಜಿ ಕುಡಿದ್ರಾ?" ಅಂದೆ. ಆಮೇಲೆ? "ಫ್ಯಾನ್ ಹಾಕ್ಲಾ?" ಕ್ಯಾಮೆರಾ ಹಿಂದೆ ಯಾರೋ ಕಿಸಕ್ಕೆಂದರು.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಅಮ್ಮನ ಹತ್ತಿರ ನಾನು ಆಡುವುದಾದರೂ ಏನು? ಉಂಡೆಯಾ, ಮಾತ್ರೆ ತಗೊಂಡೆಯಾ, ನೀರು ಬಂತಾ, ಬರ್ತೀನಿ. ಪ್ರೀತಿ ಮಾಡಿದ್ದು ಮ್ಯಾಂಡರಿನ್‌ನಲ್ಲಿ, ವಿಚ್ಛೇದನ ಇಂಗ್ಲಿಷ್‌ನಲ್ಲಿ. ನನ್ನ ತಿಯೋಚ್ಯೂ ಅಡುಗೆಮನೆ ಹೊಸಿಲು ದಾಟಿಲ್ಲ.

ಖೋ ಫೋನ್ ಮಾಡಿದ. ಬೈಯುತ್ತಾನೆ ಅಂದುಕೊಂಡೆ. "ಹತ್ತು ದಿನ ಬಿಟ್ಟು ಇನ್ನೊಂದ್ಸಲ ಬಾ" ಅಂದ. ಸ್ನೇಹಿತ ಅಂದರೆ ಇವನು!

ಮಾರ್ಚ್ 13, ಭಾನುವಾರ

ಪೆಟ್ಟಿಗೆ ಕಟ್ಟಿಕೊಂಡು ಅಮ್ಮನ ಫ್ಲಾಟಿಗೆ ಬಂದೆ. ಬಾಗಿಲು ತೆರೆದು ಪೆಟ್ಟಿಗೆ ನೋಡಿದಳು, ನನ್ನ ಮುಖ ನೋಡಿದಳು.

"ಮತ್ತೆ ಯಾರನ್ನ ಬಿಟ್ಟು ಬಂದೆ?"

"ಯಾರನ್ನೂ ಇಲ್ಲ ಅಮ್ಮ. ಮಾತು ಕಲಿಯೋಕೆ ಬಂದೆ."

"ನಲವತ್ತಾರು ವರ್ಷಕ್ಕೆ?"

ಎಲ್ಲ ಹೇಳಿದೆ. ಸೌತೆಕಾಯಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. "ನಮ್ಮ ಮಾತಲ್ಲಾ? ಟೀವಿಲಾ?" ಎರಡು ಸಲ ಕೇಳಿದಳು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಸೌತೆಕಾಯಿ ಹೆಚ್ಚುವುದನ್ನು ಮುಂದುವರಿಸಿದಳು, ಬಹಳ ಸಣ್ಣದಾಗಿ, ಬಹಳ ಹೊತ್ತು.

ಮಾರ್ಚ್ 14, ಸೋಮವಾರ

ನಗು ತಡೆಯಲಾಗುತ್ತಿಲ್ಲ. ಹೊಟ್ಟೆ ನೋವು.

ಸಂಜೆ ಅಮ್ಮನನ್ನು ಹುಡುಕಿಕೊಂಡು ಕೆಳಗಿಳಿದೆ. ಬ್ಲಾಕಿನ ಕೆಳಗೆ ಕಲ್ಲುಮೇಜಿನ ಸುತ್ತ ಆರೇಳು ಮುದುಕಿಯರು, ನಡುವೆ ಅಮ್ಮ. ಕಂಬದ ಹಿಂದೆ ನಿಂತೆ. ಅಮ್ಮ ನನ್ನ ಸೀರಿಯಲ್ಲಿನ ಕಥೆಯನ್ನು ಮತ್ತೊಮ್ಮೆ ಹೇಳುತ್ತಿದ್ದಳು. ತಿಯೋಚ್ಯೂನಲ್ಲಿ, ಕೈ ಬೀಸಿ, ಕಣ್ಣು ಅರಳಿಸಿ. ನಟಿ ನಾನೋ ಅವಳೋ!

"...ಆ ಸೊಸೆ ಮೆಟ್ಟಿಲಿಂದ ಜಾರಿದಳು. ನಮ್ಮ ಗುವೆಕ್ ಹಿಡಿಯೋಕೆ ಓಡಿದಳು, ಕೈ ಚಾಚಿದಳು, ಪಾಪ, ತಪ್ಪಿಹೋಯ್ತು! ಎಲ್ಲರೂ ಇವಳೇ ತಳ್ಳಿದ್ದು ಅಂದ್ರು. ಇವಳು ಒಂದು ಮಾತಾಡಲಿಲ್ಲ. ನುಂಗಿಕೊಂಡಳು."

"ಭೂಮಿತಾಯಿ," ಅಂತ ಒಬ್ಬಳು ಕಣ್ಣೊರೆಸಿದಳು.

ನಾನು ತಳ್ಳಿದ್ದೆ! ಎರಡೂ ಕೈಯಲ್ಲಿ! ನಾಲ್ಕು ಟೇಕ್!

ಸೀನಿಬಿಟ್ಟೆ, ಸಿಕ್ಕಿಬಿದ್ದೆ. ಎದುರುಮನೆಯ ಹುವೇ ಆಂಟಿ—ಹಲ್ಲಿಲ್ಲ, ನಾಲಿಗೆ ಮಾತ್ರ ಇನ್ನೂ ಚೂಪು—ಬಂದು ನನ್ನ ಎರಡೂ ಕೈ ಹಿಡಿದಳು. "ನಿನ್ನಂಥ ಸಹನೆ ಯಾರಿಗೂ ಬೇಡಮ್ಮ. ಆ ಮನೆಯವರೆಲ್ಲ ಸೇರಿ ನಿನ್ನ ಅರೆದುಬಿಟ್ರು." ಇನ್ನೊಬ್ಬಳು ಚೀಲದಿಂದ ಕಿತ್ತಳೆ ತೆಗೆದು ಕೊಟ್ಟಳು. ಯಾರಿಗೂ ಮ್ಯಾಂಡರಿನ್ ಬರುವುದಿಲ್ಲ. ಎಲ್ಲರೂ ಚಿತ್ರ ನೋಡುತ್ತಾರೆ, ಅರ್ಥ ಅಮ್ಮ ಹೇಳುತ್ತಾಳೆ.

ಅಮ್ಮ ನನ್ನ ಮುಖ ನೋಡಲಿಲ್ಲ. ಚಪ್ಪಲಿ ಹುಡುಕುತ್ತಿದ್ದಳು. ಕಾಲಲ್ಲೇ ಇತ್ತು.

ಲಿಫ್ಟಿನಲ್ಲಿ ಇಬ್ಬರೇ. ಪಾಪ, ನನ್ನ ಮೇಲಿನ ಪ್ರೀತಿಗೆ ಹಾಗೆ ಅರ್ಥ ಮಾಡಿಕೊಂಡಿದ್ದಾಳೆ, ನಾಯಕಿ ಅಂತಲೇ ನಂಬಿದ್ದಾಳೆ. ಹಾಗಾದರೆ ಈ ಸಲ ನಿಜವಾಗಿಯೂ ನಾಯಕಿ ಆಗಲೇಬೇಕು. ಈಗ ಇದು ನನ್ನೊಬ್ಬಳ ಆಸೆಯಲ್ಲ.

ಮಾರ್ಚ್ 17, ಗುರುವಾರ

ಪಾಠ ಜೋರು. ಬೆಳಗ್ಗೆ ಗಂಜಿ, ಉಪ್ಪಿನಲ್ಲಿಟ್ಟ ಸೊಪ್ಪು, ಅಮ್ಮನ ಬಾಯಿ. ಮೀನು ಕುಟ್ಟುತ್ತಾ, ಉಂಡೆ ಹಿಸುಕುತ್ತಾ ಹೇಳಿಕೊಡುತ್ತಾಳೆ.

"ಗಂಡನಿಗೆ ಪ್ರೀತಿ ಮಾಡ್ತೀನಿ ಅಂತ ಹೇಗೆ ಹೇಳೋದಮ್ಮ?"

"ಹೇಳೋದೇನು? ಮೀನಿನ ಕೆನ್ನೆ ಭಾಗ ಅವನ ಬಟ್ಟಲಿಗೆ ಹಾಕೋದು."

"ಅವನು ಸಾಯ್ತಿದ್ದಾನೆ!"

"ಹಾಗಾದ್ರೆ ಮುಳ್ಳು ತೆಗೆದು ಹಾಕು."

ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಇಷ್ಟು ಮಾತಾಡಿಯೇ ಇರಲಿಲ್ಲ.

ಮಾರ್ಚ್ 21, ಸೋಮವಾರ

ಎರಡನೇ ಆಡಿಷನ್. ರೆಕ್ಕೆ ಬಂದಹಾಗೆ ಹಾರಿದೆ! ನನ್ನ ಬಾಯಿಂದ ಅಮ್ಮನ ದನಿ ಬಂತು, ನನಗೇ ರೋಮ ನಿಂತಿತು. ಗಂಡನ ಪಾತ್ರದವನು ಸಾಯುವುದನ್ನು ಮರೆತು ಎದ್ದು ಕೂತ.

ಖೋ ಹೊರಗೆ ಕಾಫಿಗೆ ಕರೆದ. ಎರಡು ಸಲ ತಲೆ ಒರೆಸಿಕೊಂಡ. ಆಗಲೇ ತಿಳಿಯಿತು.

"ನಾಯಕಿ ಚೆರ್ ವೆನ್," ಅಂದ. "ಅಜ್ಜಿ ಜೊತೆ ಬೆಳೆದವಳು, ತಿಯೋಚ್ಯೂ ನೀರು ಕುಡಿದಹಾಗೆ. ಮೂವತ್ತರವಳು ಬೇಕು ಯುವೆ. ನೀನು..."

"ಮುಗಿಸು. ಮುದುಕಿ ಅನ್ನು."

"ಹಿರಿಸೊಸೆ ಮಾಡು. ಓದಿ ನೋಡು, ಆಮೇಲೆ ಬೈಯಿ."

ಹಿರಿಸೊಸೆ. ಮೀನುಂಡೆ ಮಾಡುವ ಕುಟುಂಬ, ಐವತ್ತು ವರ್ಷದ ಹಿಂದಿನ ಕಥೆ. ಕಿರಿಯಳನ್ನು ಮನೆಯಿಂದ ಓಡಿಸಿ ಅಂಗಡಿ ಕಸಿದುಕೊಳ್ಳುವವಳು ಹಿರಿಸೊಸೆ. ಮತ್ತೆ ರಾಕ್ಷಸಿ! ಸ್ಕ್ರಿಪ್ಟನ್ನು ಮೇಜಿನ ಮೇಲೆ ಬಿಟ್ಟು ಬಂದೆ. ಬಸ್‌ಸ್ಟಾಪಿನವರೆಗೆ ಹೋಗಿ, ವಾಪಸ್ ಬಂದು ತೆಗೆದುಕೊಂಡೆ.

ಅದೇ ದಿನ, ಸಂಜೆ

ಓದಿದೆ. ದೇವರೇ. ಏನು ಹೆಣ್ಣು ಇವಳು! ಮಾವ ಹಾಸಿಗೆ ಹಿಡಿದ ಮೇಲೆ ಒಬ್ಬಳೇ ಹನ್ನೆರಡು ವರ್ಷ ಮೀನು ಕುಟ್ಟಿ ಆ ಅಂಗಡಿ ನಿಲ್ಲಿಸಿದ್ದಾಳೆ. ಎಲ್ಲರೂ ಉಂಡಿದ್ದು ಅವಳ ತೋಳಿನಿಂದ. ನಾಯಕಿ ಬಂದು ನಗುನಗುತ್ತಾ ಎಲ್ಲರ ಮನಸ್ಸು ಗೆದ್ದಾಗ ಇವಳಿಗೆ ಹುಚ್ಚು ಹಿಡಿಯುತ್ತದೆ. ಕೆಟ್ಟವಳೇ, ಆದರೆ ಸುಮ್ಮನೆ ಕೆಟ್ಟವಳಲ್ಲ. ಇಂಥದ್ದು ನನಗೆ ಯಾರೂ ಕೊಟ್ಟಿರಲಿಲ್ಲ. ಓದುತ್ತಾ ಓದುತ್ತಾ ಎದ್ದು ನಿಂತುಬಿಟ್ಟಿದ್ದೆ.

ಆದರೆ ಅಮ್ಮ? ಕೆಳಗಿನ ಕಲ್ಲುಮೇಜು? ಈ ಸಲ ಮುದುಕಿಯರಿಗೆಲ್ಲ ಪ್ರತಿ ಪದ ತಿಳಿಯುತ್ತದೆ. ಕೈ ಚಾಚಿದಳು, ತಪ್ಪಿಹೋಯ್ತು ಅಂತ ಹೇಳಲು ಆಗದು. ಅವರ ಮುಂದೆ ಅಮ್ಮನ ಮುಖ ಏನಾಗಬೇಡ! ಅವಳಿಗೇ ಏನನ್ನಿಸಬೇಡ!

ಬೇಡ ಅಂತ ಖೋಗೆ ಹೇಳಿಬಿಡುತ್ತೇನೆ.

ಮಾರ್ಚ್ 22, ಮಂಗಳವಾರ

ಅಮ್ಮ ಸೀಗಡಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ. ಪಾತ್ರ ಸಿಕ್ಕಿಲ್ಲಮ್ಮ, ಕೆಟ್ಟವಳದ್ದು ಕೊಡ್ತಾರಂತೆ, ಬೇಡ ಅಂತೀನಿ ಅಂದೆ.

"ಯಾಕೆ ಬೇಡ?"

"ನೀನು ನನ್ನ ಇಷ್ಟು ವರ್ಷ ಒಳ್ಳೆಯವಳು ಅಂದ್ಕೊಂಡು..."

ಅಮ್ಮ ಸೀಗಡಿಯ ತಲೆ ಮುರಿದು ಪಕ್ಕಕ್ಕೆಸೆದಳು.

"ನನಗೇನು ಕಣ್ಣಿಲ್ವಾ? ಕಪಾಳಕ್ಕೆ ಹೊಡೆಯೋದಕ್ಕೆ ಯಾವ ಭಾಷೆ ಬೇಕು? ಮೊದಲನೇ ವರ್ಷದಿಂದ ಗೊತ್ತು. ನಿನ್ನ ಕೈಗೆ ಔಷಧಿ ಬಾಟ್ಲಿ ಕೊಟ್ಟು ಹಿಂದಿಂದ ಆ ಕೀಂ ಕೀಂ ಸಂಗೀತ ಹಾಕಿದಾಗಲೇ ಗೊತ್ತು."

ನನ್ನ ಕೈಯ ಸೀಗಡಿ ಬಿತ್ತು.

"ಮತ್ತೆ ಕೆಳಗೆ...?"

"ಹುವೇ ಬಂದು ಕೇಳಿದಳು, 'ಅಲ್ವೇ, ನಿನ್ನ ಮಗಳು ಅತ್ತೆಗೆ ಹೊಡೆದಳಲ್ಲೇ?' ಅಂತ. ಎಲ್ಲರ ಎದುರಿಗೆ. ಬಾಯಿಗೆ ಬಂದದ್ದು ಹೇಳಿದೆ. ಆ ಅತ್ತೆಗೆ ದೆವ್ವ ಮೆಟ್ಟಿದೆ, ದೆವ್ವ ಬಿಡಿಸೋಕೆ ಹೊಡೆದದ್ದು ಅಂದೆ. ಮಾರನೇ ದಿನ ಆ ದೆವ್ವ ಏನಾಯ್ತು ಅಂತ ಕೇಳಿದ್ರು. ಏನು ಮಾಡ್ಲಿ? ಒಂದು ಸುಳ್ಳಿಗೆ ನೂರು ಸುಳ್ಳು. ಆಮೇಲೆ..." ಇನ್ನೊಂದು ಸೀಗಡಿ ಎತ್ತಿಕೊಂಡಳು. "ಆಮೇಲೆ ಚಟ ಆಯ್ತು. ನನಗೂ ಒಂದು ಕೆಲಸ ಆಯ್ತು."

ನಕ್ಕು ನಕ್ಕು ನೆಲಕ್ಕೆ ಕುಸಿದೆ. ಅವಳೂ ನಕ್ಕಳು, ಮೊಣಕೈಯಿಂದ ಕಣ್ಣೊರೆಸಿಕೊಂಡು. ಆಮೇಲೆ ಒಮ್ಮೆಗೇ ಗಂಭೀರ.

"ಒಪ್ಪಿಕೋ ಹೋಗು. ಆದ್ರೆ ಕೆಟ್ಟವಳಾಗೋದಾದ್ರೆ ಸರಿಯಾಗಿ ಆಗು. ಅರ್ಧಂಬರ್ಧ ಬೇಡ. ನಿನ್ನ ಮ್ಯಾಂಡರಿನ್ ಸಿಟ್ಟು ನೋಡಿದೀನಲ್ಲ, ಬರೀ ಹುಬ್ಬು."

ಬರೀ ಹುಬ್ಬು! ಎರಡು ಪ್ರಶಸ್ತಿ ಬಂದಿದೆ ಆ ಹುಬ್ಬಿಗೆ!

ಮಾರ್ಚ್ 30, ಬುಧವಾರ

ಬೈಗುಳದ ಸೀನು ಓದಿ ಹೇಳಿದೆ. ಹಿರಿಸೊಸೆ ಕಿರಿಯಳನ್ನು ಮನೆಯಿಂದ ಹೊರಹಾಕುವುದು. ಬರೆದವಳು ಒಳ್ಳೆಯ ಹುಡುಗಿ, ಮ್ಯಾಂಡರಿನ್‌ನಲ್ಲಿ ಯೋಚಿಸಿ ತಿಯೋಚ್ಯೂಗೆ ತಿರುಗಿಸಿದ್ದಾಳೆ: "ನೀನು ನಮ್ಮ ಕುಟುಂಬಕ್ಕೆ ತಕ್ಕವಳಲ್ಲ. ಈ ಕೂಡಲೇ ಹೊರಡು."

ಅಮ್ಮ: "ಇದೇನು ಬೈಗುಳಾನಾ? ಬ್ಯಾಂಕಿನ ನೋಟೀಸ್ ಇದ್ದಂಗಿದೆ."

"ನೀನಾಗಿದ್ರೆ ಏನಂತಿದ್ದೆ?"

ಅಮ್ಮ ಎದ್ದಳು. ಅಡುಗೆಮನೆಯ ನಡುವೆ ನಿಂತಳು. ಸೊಂಟದ ಮೇಲೆ ಕೈ. ಮಾರ್ಕೆಟ್ಟಿನಲ್ಲಿ ಅವಳ ಜಾಗಕ್ಕೆ ಬುಟ್ಟಿ ಇಟ್ಟ ಯಾವಳೋ ಒಬ್ಬಳನ್ನು ನೆನೆಸಿಕೊಂಡಳು ಅಂತ ಕಾಣುತ್ತದೆ. ಬಾಯಿ ತೆರೆದಳು...

ಮೊದಲ ಅರ್ಧ ಬರೆಯುವಂಥದ್ದಲ್ಲ. ಟೀವಿ ಇರಲಿ, ಈ ಪುಸ್ತಕಕ್ಕೂ ಸಲ್ಲದು. ನನ್ನ ಕಿವಿ ಕೆಂಪಾಯಿತು. ಆಮೇಲೆ ದನಿ ಇಳಿಸಿ, ನಿಧಾನವಾಗಿ ಅಂದಳು—

"ನಿನ್ನ ಗಂಜಿಯಲ್ಲಿ ಅಗುಳಿಲ್ಲದೆ ಹೋಗಲಿ. ಬಗ್ಗಿ ನೋಡಿದ್ರೆ ನಿನ್ನ ಮುಖ ಒಂದೇ ಕಾಣಲಿ."

ಮೈ ಜುಂ ಅಂದಿತು. ಬರೆದ ಹುಡುಗಿಗೆ ಆಗಲೇ ಫೋನ್ ಮಾಡಿದೆ. ಆ ಕಡೆಯಿಂದ ಕಿರುಚಿದಳು. "ಯುವೆ ಅಕ್ಕಾ, ಇನ್ನೊಂದ್ಸಲ ಹೇಳಿ, ಬರ್ಕೋತೀನಿ! ಅಮ್ಮನ ಹತ್ರ ಇನ್ನೂ ಇದೆಯಾ ಕೇಳಿ!"

ಇದೆಯಾ ಅಂತೆ. ಗೋದಾಮು ಇದೆ.

ಮೇ 28, ಶನಿವಾರ

ಎಷ್ಟು ದಿನವಾಯಿತು ಬರೆದು. ದಿನಾ ಶೂಟಿಂಗ್, ದಿನಾ ಮೀನು. ಕೂದಲಲ್ಲೂ ಮೀನಿನ ವಾಸನೆ. ಆದರೂ ಬೆಳಗ್ಗೆ ಅಲಾರಂ ಹೊಡೆಯುವ ಮೊದಲೇ ಎಚ್ಚರ. ಮೊದಲನೇ ವರ್ಷ ಹೆಣದ ಪಾತ್ರಕ್ಕೆ ಹೀಗೆ ಎಚ್ಚರಾಗುತ್ತಿತ್ತು.

ಇವತ್ತು ಆ ಸೀನು.

ಚೆರ್ ವೆನ್ ಬಾಗಿಲಲ್ಲಿ, ಕಂಕುಳಲ್ಲಿ ಬಟ್ಟೆಗಂಟು. ನಾನು ಒಲೆಯ ಮುಂದೆ. ಮೊದಲು ಕೂಗಾಡಿದೆ, ಆಮೇಲೆ ಅಮ್ಮನ ಹಾಗೆ ದನಿ ಇಳಿಸಿದೆ. ಗಂಜಿ, ಅಗುಳು, ಮುಖ. ಹೇಳುತ್ತಿರುವಾಗಲೇ ಏನೋ ಆಯಿತು. ಸ್ಕ್ರಿಪ್ಟಿನಲ್ಲಿಲ್ಲದ ಅಳು ಬಂತು. ಬೈಯುತ್ತಿರುವವಳಿಗೇ ಅಂಥ ಗಂಜಿ ಗೊತ್ತು. ಅದನ್ನು ಕುಡಿದವಳು ಮಾತ್ರ ಆ ಶಾಪ ಹಾಕಬಲ್ಲಳು. ಅಮ್ಮ ಯಾವತ್ತು ಕುಡಿದಿದ್ದಳೋ. ಅಳು ನುಂಗಿದೆ, ಬಿಡಲಿಲ್ಲ. ಸೌಟು ಎತ್ತಿ ಬಾಗಿಲು ತೋರಿಸಿದೆ.

ಖೋ ಕಟ್ ಹೇಳುವುದನ್ನೇ ಮರೆತ. ಚೆರ್ ವೆನ್ ನಿಜವಾಗಿ ಅಳುತ್ತಾ ಸೆಟ್ಟಿನಿಂದ ಹೊರಗೇ ನಡೆದುಬಿಟ್ಟಳು, ಹಿಂದೆ ಓಡಿ ಕರೆತಂದರು. ಲೈಟಿನ ಗ್ವೀ ಅಂಕಲ್ ಏಣಿ ಮೇಲೆ ಮೂಗು ಒರೆಸಿಕೊಳ್ಳುತ್ತಿದ್ದ.

"ಏನಂಕಲ್?"

"ಏನಿಲ್ಲಮ್ಮ. ನಮ್ಮವ್ವ ಥೇಟ್ ಹೀಗೇ ಬೈತಿದ್ಲು. ಎಷ್ಟು ವರ್ಷ ಆಯ್ತು ಹೀಗೆ ಬೈಸಿಕೊಂಡು!"

ಇಡೀ ಸೆಟ್ಟು ಚಪ್ಪಾಳೆ ಹೊಡೆಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ. ಎರಡನೇ ಟೇಕ್ ಬೇಡ ಅಂದ ಖೋ. ಕಾರು ಬೇಡ ಅಂದೆ, ಅಮ್ಮನ ಮನೆಯವರೆಗೆ ನಡೆದೇ ಬಂದೆ. ದಾರಿಯಲ್ಲಿ ಓಡಿದ್ದೂ ಉಂಟು. ಮೇಕಪ್ ತೆಗೆದಿರಲಿಲ್ಲ, ಜನ ದಾರಿ ಬಿಟ್ಟರು.

ಜುಲೈ 26, ಮಂಗಳವಾರ

ಟೀವಿಯಲ್ಲಿ ಪ್ರೋಮೋ ಶುರು. ಅರ್ಧ ನಿಮಿಷ. ಅದರಲ್ಲಿ ಕಾಲು ನಿಮಿಷ ನಾನು, ಸೌಟು ಹಿಡಿದು.

ಊರೆಲ್ಲ ಮೆಸೇಜು. ಖೋ ಕುಣಿಯುತ್ತಿದ್ದಾನೆ. ನಾನೂ ಕುಣಿಯುತ್ತಾ ಅಮ್ಮನ ಮನೆಗೆ ಬಂದರೆ ಅವಳು ಮನೆಯಲ್ಲೇ ಇದ್ದಾಳೆ. ಸಂಜೆ ಐದು ಗಂಟೆ, ಬೆಳಕಿದೆ, ಕೆಳಗಿಳಿದಿಲ್ಲ.

"ಮಂಡಿ ನೋವು," ಅಂದಳು.

ಬಾಲ್ಕನಿಯಿಂದ ಬಗ್ಗಿ ನೋಡಿದೆ. ಕಲ್ಲುಮೇಜಿನ ಸುತ್ತ ಎಲ್ಲ ಇದ್ದರು. ಯಾರೂ ಮೇಲೆ ನೋಡಲಿಲ್ಲ.

ಜುಲೈ 28, ಗುರುವಾರ

ಇವತ್ತು ಬಾಯಿ ಬಿಡಿಸಿದೆ. ಪ್ರೋಮೋ ಬಂದ ದಿನ ಬೆಳಗ್ಗೆಯೇ ಹುವೇ ಆಂಟಿ ಎಲ್ಲರೆದುರು ಕೇಳಿದಳಂತೆ. "ಇವಳಾ ನಿನ್ನ ಭೂಮಿತಾಯಿ? ಇಪ್ಪತ್ತು ವರ್ಷ ನಮ್ಮ ಕಿವಿ ಮೇಲೆ ಹೂವಿಟ್ಟೆಯಲ್ಲೇ! ನಾನು ನಿನ್ನ ಮಗಳಿಗೋಸ್ಕರ ಗುಡಿಯಲ್ಲಿ ಊದುಬತ್ತಿ ಹಚ್ಚಿದೀನಿ, ಅವಳ ಕಷ್ಟ ತೀರಲಿ ಅಂತ!"

"ನೀನೇನಂದೆ?"

"ಬತ್ತಿಯ ದುಡ್ಡು ವಾಪಸ್ ಕೊಡ್ತೀನಿ ಅಂದೆ." ಅಮ್ಮ ಮುಖ ತಿರುಗಿಸಿದಳು. "ಅನ್ನಬಾರದಿತ್ತು."

ಇಳಿದುಹೋಗಿ ನಾನೇ ಮಾತಾಡುತ್ತೇನೆ ಅಂದೆ. ಕೈ ಹಿಡಿದು ಕೂರಿಸಿದಳು. "ನೀನು ಹೋದ್ರೆ ಇನ್ನೂ ನಾಟಕ ಅಂತಾರೆ."

ನನ್ನ ಜೀವನದ ಅತಿ ದೊಡ್ಡ ಪಾತ್ರ. ಅಮ್ಮನಿಂದ ಅದು ಸಂಜೆಗಳನ್ನು ಕಸಿದುಕೊಂಡಿತು. ಖುಷಿಪಡಲೋ ಬೇಡವೋ... ಎದೆ ಮಾತ್ರ ಕೇಳುವುದಿಲ್ಲ, ಮುಂದಿನ ಶುಕ್ರವಾರ, ಮುಂದಿನ ಶುಕ್ರವಾರ ಅಂತ ಬಡಿಯುತ್ತಲೇ ಇದೆ.

ಆಗಸ್ಟ್ 4, ಗುರುವಾರ

ನಾಳೆ. ನಾಳೆ. ನಾಳೆ.

ನಮ್ಮ ಪಂಚಾಂಗದ ಏಳನೇ ತಿಂಗಳು ಶುರುವಾಗಿದೆ, ಸತ್ತವರು ಮನೆಗೆ ಬರುವ ಕಾಲ. ಬ್ಲಾಕಿನ ಸುತ್ತ ಎಲ್ಲರೂ ಹಿರಿಯರಿಗೆ ಎಡೆ ಇಟ್ಟು, ಅವರಿಗೆಂದು ಕಾಗದದ ದುಡ್ಡು ಸುಡುತ್ತಿದ್ದಾರೆ, ಗಾಳಿಯ ತುಂಬ ಬೂದಿ. ಅಮ್ಮನೂ ಅಪ್ಪನಿಗೆ ಸುಟ್ಟಳು. ಬೆಂಕಿ ಕೆದಕುತ್ತಾ ಗಟ್ಟಿಯಾಗಿ ಅಂದಳು, "ನಾಳೆ ಮಧ್ಯಾಹ್ನ ಬನ್ನಿ. ಈ ಸಲ ನಿಮಗೂ ಅರ್ಥ ಆಗತ್ತೆ."

ನಾನು ನೋಡಿದ್ದಕ್ಕೆ, "ಏನು ನೋಡ್ತೀಯ? ಸತ್ತ ತಕ್ಷಣ ಮ್ಯಾಂಡರಿನ್ ಬಂದುಬಿಡತ್ತಾ?"

ಅಪ್ಪ ಹೋದದ್ದು ನಾನು ಟೀವಿಗೆ ಬಂದ ಎರಡನೇ ವರ್ಷ. ಆಸ್ಪತ್ರೆಯಲ್ಲಿ ನನ್ನ ಸೀರಿಯಲ್ ಹಾಕಿಸಿಕೊಂಡು, ಏನೂ ತಿಳಿಯದೆ, ನರ್ಸುಗಳಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದ.

ಹತ್ತು ಜನಕ್ಕಾಗುವಷ್ಟು ಮೀನು ತಂದಿದ್ದಾಳೆ. ಯಾರು ಬರುತ್ತಾರೆ ಅಮ್ಮ ಅಂದೆ. "ಯಾರೂ ಬರದಿದ್ರೆ ನಾವೇ ತಿನ್ನೋದು."

ಆಗಸ್ಟ್ 5, ಶುಕ್ರವಾರ, ಬೆಳಗ್ಗೆ ಹನ್ನೊಂದೂವರೆ

ಮೀನು ಆವಿಯಲ್ಲಿದೆ. ಗಂಜಿ ತಯಾರು. ಟೀವಿ ಮುಂದೆ ಅಮ್ಮ ಸ್ಟೂಲುಗಳನ್ನು ಸಾಲಾಗಿ ಇಟ್ಟಿದ್ದಾಳೆ. ಮುಂದಿನ ಸಾಲಿನಲ್ಲಿ ಒಂದರ ಮೇಲೆ ಅಪ್ಪನ ಹಳೇ ಟೋಪಿ. ನಾನು ಅದರ ಮೇಲೆ ಚೀಲ ಇಡಲು ಹೋಗಿ ಬೈಸಿಕೊಂಡೆ.

ಬಾಗಿಲು ತೆರೆದೇ ಇಟ್ಟಿದ್ದಾಳೆ. ವರಾಂಡದಲ್ಲಿ ಯಾರೂ ಇಲ್ಲ. ಎದುರು ಹುವೇ ಆಂಟಿಯ ಬಾಗಿಲು ಮುಚ್ಚಿದೆ, ಕಬ್ಬಿಣದ ಗೇಟೂ ಹಾಕಿದೆ.

ಅಮ್ಮ ಹೊರಗೆ ನೋಡುತ್ತಿಲ್ಲ. ನೋಡದೇ ಇರುವುದಕ್ಕೆ ಬಹಳ ಕಷ್ಟಪಡುತ್ತಿದ್ದಾಳೆ.

ಅದೇ ದಿನ, ಅಡುಗೆಮನೆ

ಜಾಹೀರಾತು ಬಂದಿದೆ. ನಿಂತುಕೊಂಡೇ ಬರೆಯುತ್ತಿದ್ದೇನೆ, ಪುಸ್ತಕ ಅಕ್ಕಿಡಬ್ಬದ ಮೇಲೆ. ಕಾಲು ನೆಲದ ಮೇಲಿಲ್ಲ.

ಬಂದರು! ಶುರುವಾಗಲು ಐದು ನಿಮಿಷ ಇದೆ ಅನ್ನುವಾಗ ಎದುರಿನ ಗೇಟು ಕಿರ್ ಅಂದಿತು. ಹುವೇ ಆಂಟಿ, ಕೈಯಲ್ಲಿ ತನ್ನದೇ ಸ್ಟೂಲು. ಅಮ್ಮನ ಸ್ಟೂಲಿನ ಮೇಲೆ ಕೂರುವುದಿಲ್ಲವಂತೆ! ಬಾಗಿಲಲ್ಲೇ ನಿಂತು, ಅಮ್ಮನಿಗಲ್ಲ, ನನಗೆ, "ನನ್ನ ಟೀವಿ ಕೆಟ್ಟಿದೆ, ಅದಕ್ಕೆ" ಅಂದಳು. ಅದು ಒಳಗೆ ಜೋರಾಗಿ ಮಾತಾಡುತ್ತಿತ್ತು, ಎಲ್ಲರಿಗೂ ಕೇಳಿಸಿತು. ಅವಳ ಹಿಂದೆ ಒಬ್ಬೊಬ್ಬರೇ, ಎಲ್ಲರ ಕೈಯಲ್ಲೂ ಸ್ಟೂಲು. ಲಿಫ್ಟಿನಲ್ಲಿ ಹಿಡಿಸದೆ ಎರಡು ಸಲ ಬಂದರಂತೆ. ಯಾರೂ ಅಮ್ಮನ ಹತ್ತಿರ ಮಾತಾಡಲಿಲ್ಲ. ಟೋಪಿ ಇದ್ದ ಸ್ಟೂಲನ್ನು ಮಾತ್ರ ಎಲ್ಲರೂ ತಾಗದಂತೆ ಸುತ್ತಿಕೊಂಡು ಹೋದರು.

ಶುರುವಾಯಿತು. ಮೊದಲ ಮಾತು ಮಾವನ ಪಾತ್ರದ್ದು—"ಏ, ಮೀನು ಬಂತಾ?" ಅಷ್ಟೇ. ತಿಯೋಚ್ಯೂನಲ್ಲಿ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಟೀವಿಗೇ ಉತ್ತರ ಕೊಟ್ಟಳು. "ಬಂತು, ಬಂತು!" ಎಲ್ಲರೂ ನಕ್ಕರು, ನಾಲ್ಕು ಜನ ಅಳುತ್ತಿದ್ದರು.

ಆಮೇಲೆ ನಾನು ಬಂದೆ.

ಮಾವನ ಆ ಒಂದು ಮಾತಾದ ಕೂಡಲೇ ಖೋ ನೇರ ಬೈಗುಳದ ಸೀನಿಗೆ ಹಾರಿದ್ದಾನೆ, ಹಿಂದಿನದು ಆಮೇಲೆ ಬರುತ್ತದೆ ಅಂತ ಕಾಣುತ್ತದೆ. ಕಳ್ಳ, ನನಗೂ ಹೇಳಿರಲಿಲ್ಲ! ಬಾಗಿಲಲ್ಲಿ ಚೆರ್ ವೆನ್, ಒಲೆ ಮುಂದೆ ನಾನು. ಬೈಗುಳ ಶುರುವಾಗುತ್ತಿದ್ದಂತೆ ಹುವೇ ಆಂಟಿ ಎದ್ದುನಿಂತಳು. "ನಿನ್ನ ನಾಲಿಗೆ ಸೇದಿಹೋಗ! ಪಾಪದ ಹುಡುಗಿ ಕಣೇ!" ಅಂತ ಟೀವಿಗೆ ಕೈ ಚಾಚಿ ಬೈದಳು. ನಾನು ಮೂರು ಅಡಿ ದೂರದಲ್ಲಿ ತಟ್ಟೆ ಹಿಡಿದು ನಿಂತಿದ್ದೇನೆ, ಅದರ ಪರಿವೆಯಿಲ್ಲ. ಇನ್ನೊಬ್ಬಳು ಬಡಿಗೆ ನೆಲಕ್ಕೆ ಕುಟ್ಟಿದಳು. ಇಡೀ ಕೋಣೆ ನನ್ನನ್ನು ಶಪಿಸಿತು. ಎಂಥಾ ಶಾಪಗಳು! ಎಷ್ಟು ಚೆಂದ! ಯಾವ ಪ್ರಶಸ್ತಿ ಸಮಾರಂಭದಲ್ಲೂ ಇಂಥ ಸದ್ದು ಕೇಳಿಲ್ಲ.

ಆಗ ಗಂಜಿಯ ಮಾತು ಬಂತು. ಅಗುಳಿಲ್ಲದ ಗಂಜಿ, ಬಗ್ಗಿದರೆ ಮುಖ.

ಎಲ್ಲರೂ ಥಟ್ಟನೆ ಸುಮ್ಮನಾದರು. ಬಡಿಗೆಯೂ ನಿಂತಿತು. ಅವರೆಲ್ಲ ಆ ಗಂಜಿ ಕುಡಿದವರು. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಹುವೇ ಆಂಟಿ ನಿಧಾನವಾಗಿ ತಿರುಗಿದಳು. ಟೀವಿ ಬಿಟ್ಟು ನನ್ನನ್ನು ನೋಡಿದಳು, ಮೇಲಿಂದ ಕೆಳಗೆ. ಆಮೇಲೆ ಅಮ್ಮನ ಕಡೆ. ಹತ್ತು ದಿನದಲ್ಲಿ ಅವಳಿಗೆ ಆಡಿದ ಮೊದಲ ಮಾತು—

"ನಿನ್ನ ಮಗಳು ರಾಕ್ಷಸಿ ಕಣೇ."

ಅಮ್ಮ ಈಗಲೂ ದೆವ್ವ ಮೆಟ್ಟಿದೆ ಅಂತಾಳಾ, ಕೈ ತಪ್ಪಿಹೋಯ್ತು ಅಂತಾಳಾ? ಅಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. ಇಡೀ ಸಾಲನ್ನು ಒಂದು ಸಲ ನೋಡಿದಳು.

"ಹೌದು," ಅಂದಳು. "ಯಾರ ಹತ್ರ ಕಲಿತಳು ಅಂದ್ಕೊಂಡೆ?"

ಆಮೇಲೆ ಹುವೇ ಆಂಟಿಯ ಹಲ್ಲಿಲ್ಲದ ಬಾಯಿ ಅಗಲವಾಯಿತು. ನಕ್ಕಳು ನೋಡಿ... ಸ್ಟೂಲು ಎಳೆದುಕೊಂಡು ಅಮ್ಮನ ಪಕ್ಕಕ್ಕೇ ತಂದು ಹಾಕಿಕೊಂಡಳು. "ಆ ಸಂತೆಬಾಯಿ ನಿಂದೇ, ಗೊತ್ತಾಯ್ತು ಬಿಡು! ಆ ಮೀನು ತಾರೇ, ಹಸಿವಾಗ್ತಿದೆ. ಆ ರಾಕ್ಷಸಿ ಕೈಗೇ ಕೊಡು, ಬಡಿಸಲಿ!"

ಬಡಿಸಿದೆ. ಅವಸರದಲ್ಲಿ ಸಾರು ಅರ್ಧ ಚೆಲ್ಲಿದೆ. ಹುವೇ ಆಂಟಿ ಬಟ್ಟಲು ಹಿಡಿದು, "ವಿಷ ಹಾಕಿಲ್ಲ ತಾನೇ?" ಅಂದಳು. ಮತ್ತೆ ನಗು. ಅಮ್ಮ ಮೀನಿನ ಕೆನ್ನೆ ಭಾಗ ತೆಗೆದು ನನ್ನ ಬಟ್ಟಲಿಗೆ—

ಜಾಹೀರಾತು ಮುಗೀತು. ಹೊರಗಿನಿಂದ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದಾರೆ, ಅಮ್ಮನ ದನಿ ಎಲ್ಲಕ್ಕಿಂತ ಮೇಲೆ—"ಗುವೆಕ್, ಏ ಗುವೆಕ್, ಬೇಗ ಬಾರೇ, ಟೀವಿಲಿ ನೀನು ಬಂದೆ—"